ಕೊಪ್ಪಳದಾಗ ಮಾರ್ಟ್: ಸಂಜೆ ಗಿರಾಕಿಗಳ ಪಾಳಿ ಕರಗವಲ್ದು, ಎರಡನೇ ಬಿಲ್ಲಿಂಗ್ ಕೌಂಟರ್ ಹಾಕಬೇಕಾ?

ಕಿರಾಣಿಯಿಂದ_ಮಾರ್ಟ್ (ಕೊಪ್ಪಳ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕಟ್ಟೆ ಮೇಲೆ ಕೂತು ಸಾಮಾನು ಕಟ್ಟಿಕೊಡೋ ಕಿರಾಣಿ ಅಂಗಡಿಯನ್ನ, ಗಿರಾಕಿಗಳೇ ಬುಟ್ಟಿ ಹಿಡಿದು ಆರಿಸಿಕೊಳ್ಳೋ ಮಾರ್ಟ್ ಮಾಡಿದ್ದೀವಿ. ಜಾಗ ಸುಮಾರು 1,800 ಚದರಡಿ, ಸಾಮಾನು ಎರಡೂವರೆ ಸಾವಿರ ಬಗೆ. ಬಿಲ್ಲಿಂಗ್ ಕೌಂಟರ್ ಒಂದೇ: ಕಂಪ್ಯೂಟರ್, ಗನ್ ಸ್ಕ್ಯಾನರ್, ಮೂರಿಂಚಿನ ಥರ್ಮಲ್ ಪ್ರಿಂಟರ್. ಬೇಳೆ, ಸಕ್ಕರೆ, ಶೇಂಗಾ ತೂಗೋ ಕಾಂಟಾ ಕೌಂಟರ್ ಪಕ್ಕದಲ್ಲೇ ಇದೆ, ಕ್ಯಾಷಿಯರೇ ತೂಗ್ತಾರೆ. ತಿಂಗಳ ಮೊದಲ ವಾರ ಸಂಜೆ ಆರರಿಂದ ಒಂಬತ್ತರ ತನಕ ಪಾಳಿ ಬಾಗಿಲಿಗೆ ಬಂದು ನಿಲ್ಲುತ್ತೆ. ಬುಟ್ಟಿ ಅಲ್ಲೇ ಇಟ್ಟು ಹೋಗೋರೂ ಇದ್ದಾರೆ.

ಎರಡನೇ ಕೌಂಟರ್ ಹಾಕಿದರೆ ಇನ್ನೊಂದು ಕಂಪ್ಯೂಟರ್, ಇನ್ನೊಬ್ಬ ಕ್ಯಾಷಿಯರ್ ಬೇಕು. ಬೆಂಗಳೂರಿನ ಕಡೆ ಗಿರಾಕಿಯೇ ಸ್ಕ್ಯಾನ್ ಮಾಡಿ ದುಡ್ಡು ಕಟ್ಟೋ ಯಂತ್ರ ಬಂದಿದೆ ಅಂತಾರೆ, ಅದು ನಮ್ಮಂಥ ಊರಿಗೆ ಆಗುತ್ತಾ? ಬೇಳೆ, ಸಕ್ಕರೆ ಮೊದಲೇ ಒಂದೊಂದು ಕೇಜಿ ಪ್ಯಾಕ್ ಮಾಡಿ ಬಾರ್‌ಕೋಡ್ ಹಚ್ಚಿಟ್ಟರೆ ಹೆಂಗೆ? ಅನುಭವ ಇದ್ದವರು ಸ್ವಲ್ಪ ಬಿಡಿಸಿ ಹೇಳಿ.

---

ಸ್ಕ್ಯಾನರ್_ಸರ್ವಿಸ್ (ಬಳ್ಳಾರಿ):

ಅಣ್ಣಾ, ಕೌಂಟರ್ ಹಾಕೋಕಿಂತ ಮೊದಲು ಮೊಬೈಲ್ ಸ್ಟಾಪ್‌ವಾಚ್ ಹಿಡಿದು ಒಂದು ಸಂಜೆ ನಿಲ್ರಿ. ಒಂದೊಂದು ಬಿಲ್ಲಿಗೂ ಮೂರು ಹೊತ್ತು ಬೇರೆ ಬೇರೆ ಬರೀರಿ: ಮೊದಲ ಬೀಪ್‌ನಿಂದ ಕೊನೇ ಬೀಪ್ ತನಕ, ಅಲ್ಲಿಂದ ದುಡ್ಡು ಬರೋ ತನಕ, ಅಲ್ಲಿಂದ ಗಿರಾಕಿ ಚೀಲ ಎತ್ತಿ ಜಾಗ ಬಿಡೋ ತನಕ. ಬಹಳ ಕಡೆ ಸ್ಕ್ಯಾನ್ ಮಾಡೋ ಹೊತ್ತೇ ಎಲ್ಲಕ್ಕಿಂತ ಕಡಿಮೆ ಇರ್ತದ.

ಲೆಕ್ಕ ಹೀಂಗ. ಬಿಲ್ಲಿಗೆ ಸರಾಸರಿ ಎರಡೂವರೆ ನಿಮಿಷ ಹಿಡಿದ್ರ ತಾಸಿಗೆ 24 ಬಿಲ್. ತಾಸಿಗೆ 30 ಮಂದಿ ಬಂದ್ರ ಪ್ರತಿ ತಾಸಿಗೆ ಆರು ಮಂದಿ ಉಳಕೊಳ್ತಾರ, ಮೂರು ತಾಸಿಗೆ 18 ಮಂದಿ. ಅದನ್ನೇ ಎರಡು ನಿಮಿಷಕ್ಕ ಇಳಿಸಿದ್ರ ತಾಸಿಗೆ 30 ಬಿಲ್ ಆಗ್ತದ, ಪಾಳಿ ಬೆಳೆಯೋದು ನಿಲ್ತದ. ಆದರ ಮಂದಿ ಗಡಿಯಾರ ನೋಡಿ ಒಬ್ಬೊಬ್ಬರಾಗಿ ಬರಂಗಿಲ್ಲ, ಗುಂಪಾಗಿ ಬರ್ತಾರ. ಅದಕ್ಕ ಒಂದೂಮುಕ್ಕಾಲು ನಿಮಿಷದ ಗುರಿ ಇಟ್ಕೋರಿ. ಈಗಿನಕಿಂತ ಬಿಲ್ಲಿಗೆ ಮುಕ್ಕಾಲು ನಿಮಿಷ ಉಳಿಸಬೇಕು, ಅಷ್ಟೇ. ಅದು ಎಲ್ಲೆಲ್ಲಿ ಸಿಗ್ತದ ಹೇಳ್ತೀನಿ.

ಮೊದಲ ಕಳ್ಳ ನಿಮ್ಮ ಕಾಂಟಾ. ಕ್ಯಾಷಿಯರ್ ಕೈಯಿಂದ ತೂಗೋ ಕೆಲಸ ಇವತ್ತೇ ತೆಗೀರಿ. ಬೇಳೆ ಡಬ್ಬಗಳ ಹತ್ತಿರ ಲೇಬಲ್ ಪ್ರಿಂಟ್ ಮಾಡೋ ಕಾಂಟಾ ಇಟ್ಟು ಒಬ್ಬ ಹುಡುಗನ್ನ ನಿಲ್ಲಿಸ್ರಿ. ಗಿರಾಕಿ ಎದುರಿಗೇ ತೂಗಿ ಸ್ಟಿಕ್ಕರ್ ಹಚ್ಚಿ ಕೊಡಬೇಕು. ಕೌಂಟರ್‌ನಾಗ ಬೀಪ್ ಅಂದ್ರ ಮುಗೀತು.

ಆ ಲೇಬಲ್ಲಿನ 13 ಅಂಕಿ ಹೆಂಗ ಓದ್ತಾವ ಅನ್ನೋದು ಗೊತ್ತಿರಲಿ. ಉದಾಹರಣೆಗೆ 2100045012506. ಮೊದಲ 21 ಅಂಗಡಿ ಒಳಗಿನ ಬಳಕೆಗೆ (20ರಿಂದ 29ರ ತನಕ ಅದಕ್ಕೇ ಮೀಸಲು). ಮುಂದಿನ ಐದು, 00045, ಸಾಮಾನಿನ ನಂಬರ್. ಆಮೇಲಿನ ಐದು, 01250, ತೂಕ, 1.250 ಕೇಜಿ. ಕೊನೇ 6 ಚೆಕ್ ಅಂಕಿ, ಅಂದ್ರ ಉಳಿದ ಅಂಕಿ ಸರಿ ಓದಿದ್ದೋ ಇಲ್ಲೋ ಅಂತ ತಾಳೆ ನೋಡೋದು. ಅದನ್ನ ಬಿಟ್ಟು, ಎಡಗಡೆಯಿಂದ ಬೆಸ ಜಾಗದ ಅಂಕಿ ಕೂಡಿಸ್ರಿ, 13 ಬರ್ತದ. ಸಮ ಜಾಗದವು ಕೂಡಿಸಿ ಮೂರರಿಂದ ಗುಣಿಸ್ರಿ, 21. ಒಟ್ಟು 34, ಮುಂದಿನ ಹತ್ತಕ್ಕ ಬೇಕಾದದ್ದು 6. ಎಡವಟ್ಟು ಆಗೋದು ಇಲ್ಲಿ: ಕಾಂಟಾದಾಗ ಆ ಐದು ಅಂಕಿ ತೂಕ ಅಂತ ಇಟ್ಟು, ಸಾಫ್ಟ್‌ವೇರಿನಾಗ ಬೆಲೆ ಅಂತ ಇಟ್ರ, ಒಂದೂಕಾಲು ಕೇಜಿ ಬೇಳೆ ಹನ್ನೆರಡೂವರೆ ರೂಪಾಯಿಗೆ ಹೋಗ್ತದ. ಬೀಪ್ ಸರಿಯಾಗೇ ಬರ್ತದ, ಪರದೆ ನೋಡದೆ ಇದ್ದ ಕ್ಯಾಷಿಯರ್‌ಗೆ ಗೊತ್ತೇ ಆಗಂಗಿಲ್ಲ. ಹೊಸ ಕಾಂಟಾ ಬಂದ ದಿನ ಹತ್ತು ಲೇಬಲ್ ತೆಗೆದು ಬಿಲ್ಲಿಗೆ ಹಚ್ಚಿ ನೋಡದೆ ಅಂಗಡಿ ಬಾಗಿಲು ತೆಗೀಬ್ಯಾಡ್ರಿ.

ಎರಡನೇದು ಎಂಆರ್‌ಪಿ. ಕಂಪನಿ ಬೆಲೆ ಬದಲಿಸಿದರೂ ಬಾರ್‌ಕೋಡ್ ಬಹಳ ಸಲ ಅದೇ ಇರ್ತದ. 890ರಿಂದ ಶುರುವಾಗೋ ನಂಬರಿನಾಗ ಬೆಲೆ ಇರಂಗಿಲ್ಲ. (ಭಾರತದಾಗ ತಯಾರಾಗಿದ್ದು ಅಂತಲೂ ಅರ್ಥ ಅಲ್ಲ, ಬಾರ್‌ಕೋಡ್ ನಂಬರ್ ಹಂಚೋ ಇಲ್ಲಿನ ಜಿಎಸ್1 ಸಂಸ್ಥೆಯಿಂದ ನಂಬರ್ ತಗೊಂಡದ್ದು ಅಂತ ಅಷ್ಟೇ.) ಹಳೇ ಸ್ಟಾಕ್, ಹೊಸ ಸ್ಟಾಕ್ ಎರಡೂ ಇದ್ರ ಸಾಫ್ಟ್‌ವೇರ್ ಯಾವ ಎಂಆರ್‌ಪಿ ಅಂತ ಕೇಳ್ತದ. ಅವಸರದಾಗ ಕ್ಯಾಷಿಯರ್ ಮೊದಲನೇದಕ್ಕ ಎಂಟರ್ ಹೊಡೀತಾರ. ಪ್ಯಾಕೆಟ್ ಮೇಲಿನ ಬೆಲೆಗಿಂತ ಹೆಚ್ಚು ಬಿದ್ರ ಕಾನೂನು ಮಾಪನದವರ (ತೂಕ, ಅಳತೆ ತಪಾಸಣೆ ಇಲಾಖೆ) ಕೇಸ್ ಆಗ್ತದ. 22 ಸೆಪ್ಟೆಂಬರ್ 2025ಕ್ಕ ಬಿಸ್ಕೀಟು, ಶಾಂಪೂ, ಟೂತ್‌ಪೇಸ್ಟ್ ಜಿಎಸ್‌ಟಿ 18ರಿಂದ 5ಕ್ಕ ಇಳಿದಾಗ ಈ ತಾಪತ್ರಯ ಎಲ್ಲಾ ಕಡೆ ಎದ್ದಿತ್ತು. ಡಿಟರ್ಜೆಂಟ್ ಪುಡಿ 18ರಲ್ಲೇ ಉಳೀತು, ಅದನ್ನೂ ಐದಕ್ಕ ಹಾಕಿಟ್ಟವರು ಈಗಾದರೂ ಮಾಸ್ಟರ್ (ಸಾಫ್ಟ್‌ವೇರಿನಾಗಿನ ಸಾಮಾನಿನ ಪಟ್ಟಿ) ತಿದ್ದಿಕೊಳ್ರಿ. ಪರಿಹಾರ ಸರಳ: ಹೊಸ ಎಂಆರ್‌ಪಿ ಮಾಲು ಹಳೇದು ಮುಗಿಯೋ ತನಕ ಗೋಡೌನ್ ಬಿಟ್ಟು ರ‍್ಯಾಕಿಗೆ ಬರಬಾರದು.

ಗನ್ ಸ್ಕ್ಯಾನರ್ ಬದಲಿ ಮೇಜಿನ ಮೇಲೆ ಕೂಡೋ, ಎಲ್ಲಾ ಕಡೆಯಿಂದ ಓದೋ ಸ್ಕ್ಯಾನರ್ ತಗೋರಿ. ಎರಡೂ ಕೈ ಖಾಲಿ ಸಿಗ್ತಾವ. ಈಗಿನ ಗನ್ನು ಇರಲಿ, ಅಕ್ಕಿ ಚೀಲಕ್ಕ ಬೇಕು. ಒಂದೊಂದು ಬೀಪ್ ಆದಮೇಲೂ ಕ್ಯಾಷಿಯರ್ ಎಂಟರ್ ಒತ್ತೋದು ಕಂಡ್ರ, ಸ್ಕ್ಯಾನರಿನ ಕೈಪಿಡಿಯಾಗ ಎಂಟರ್ ಸಫಿಕ್ಸ್ ಅಂತ ಒಂದು ಬಾರ್‌ಕೋಡ್ ಇರ್ತದ, ಅದನ್ನ ಒಮ್ಮೆ ಸ್ಕ್ಯಾನ್ ಮಾಡಿದ್ರ ಆ ಕೆಲಸ ತಪ್ತದ. ಒಂದೇ ಸಾಮಾನು ಎರಡು ಸಲ ಬಿದ್ರ, ಅದೇ ಕೋಡ್ ಮತ್ತ ಓದೋಕೆ ತಗೊಳ್ಳೋ ಅಂತರ ಹೆಚ್ಚಿಸ್ರಿ. ಚಿಪ್ಸ್ ಪ್ಯಾಕೆಟ್ ಎರಡೂ ತುದಿ ಎಳೆದು ಹಿಡಿಯಬೇಕು, ಸುಕ್ಕು ಇದ್ರ ಓದಂಗಿಲ್ಲ. ಹಸಿ ನಂದಿನಿ ಹಾಲಿನ ಪ್ಯಾಕೆಟ್ ಒರೆಸಿ ಒರೆಸಿ ಸ್ಕ್ಯಾನ್ ಮಾಡೋ ಬದಲು ಹಾಲು, ಮೊಸರಿಗೆ ಕೀಬೋರ್ಡಿನಾಗ ಒಂದೊಂದು ಕೀ ಕೊಡ್ರಿ.

ಪ್ರಿಂಟರ್ ಬಗ್ಗೆ ಎರಡು ಮಾತು. ರೋಲ್ ಹಾಕಿದಮೇಲೆ ಖಾಲಿ ಕಾಗದ ಬಂದ್ರ ಉಲ್ಟಾ ಹಾಕಿದ್ದೀರಿ. ಉಗುರಿನಿಂದ ಗೀರಿ ನೋಡ್ರಿ, ಕಪ್ಪು ಗೆರೆ ಮೂಡಿದ ಮಗ್ಗಲು ಹೆಡ್ (ಅಕ್ಷರ ಮೂಡಿಸೋ ಭಾಗ) ಕಡೆ ಇರಬೇಕು. ಉದ್ದಕ್ಕ ಬಿಳಿ ಗೆರೆ ಬಂದ್ರ ಹೆಡ್ ಮೇಲೆ ಧೂಳು ಕೂತದ. ಪ್ರಿಂಟರ್ ಆಫ್ ಮಾಡಿ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸ್ರಿ. ನಮ್ಮ ಕಡೆ ಕೆಂಪು ಧೂಳಿಗೆ ರೋಲ್ ಬದಲಿಸಿದಾಗೊಮ್ಮೆ ಇದು ಬೇಕೇ ಬೇಕು. ರೋಲಿನ ಡಬ್ಬ ತಗಡಿನ ಮಾಡಿನ ಕೆಳಗ ಇಡಬ್ಯಾಡ್ರಿ, ಬ್ಯಾಸಿಗಿಯಾಗ ಕಾಗದ ಕಪ್ಪಾಗ್ತದ. ಬಿಲ್ಲಿನಾಗ ಕನ್ನಡ ಹೆಸರು ಪ್ರಶ್ನೆ ಚಿಹ್ನೆಯಾಗಿ ಬಂದ್ರ ಪ್ರಿಂಟರಿನಾಗ ಕನ್ನಡ ಅಕ್ಷರ ಇಲ್ಲ ಅಂತ ಅರ್ಥ. ವಿಂಡೋಸ್ ಡ್ರೈವರ್ ಮೂಲಕ ಚಿತ್ರವಾಗಿ ಕಳಿಸಬೇಕು, ಒಂಚೂರು ನಿಧಾನ ಆಗ್ತದ. ಗಲ್ಲಾ ಪೆಟ್ಟಿಗೆ ತಾನೇ ತೆರೀಲಿಲ್ಲ ಅಂದ್ರ ಅದರ ವೈರು ಕಂಪ್ಯೂಟರಿಗಲ್ಲ, ಪ್ರಿಂಟರಿನ ಹಿಂದೆ ಟೆಲಿಫೋನ್ ಪಿನ್ನಿನಂಥ ತೂತಿಗೆ ಹೋಗಬೇಕು.

ಜೆಸ್ಕಾಂ ಕರೆಂಟು ಹೋದಾಗ ಬಿಲ್ ನಿಲ್ಲಬಾರದು ಅಂದ್ರ ಕಂಪ್ಯೂಟರ್, ಪ್ರಿಂಟರ್, ಇಂಟರ್ನೆಟ್ ರೌಟರ್ ಮೂರೂ ಯುಪಿಎಸ್ ಮೇಲೆ ಇರಲಿ. ರೌಟರ್ ಮರೆಯೋರೇ ಹೆಚ್ಚು.

---

ಫ್ಲೋರ್_ಸೂಪರ್‌ವೈಸರ್ (ರಾಯಚೂರು):

ಮೇಲಿನವರು ಯಂತ್ರದ್ದು ಹೇಳಿದಾರೆ, ನಾನು ಕೈಕೆಲಸದ್ದು ಹೇಳ್ತೀನಿ. ಅಣ್ಣಾರ, ನಿಮಗೆ ಮೊದಲು ಬೇಕಾಗಿರೋದು ಎರಡನೇ ಕ್ಯಾಷಿಯರ್ ಅಲ್ಲ, ಆರರಿಂದ ಒಂಬತ್ತರ ತನಕ ಚೀಲ ತುಂಬೋ ಒಬ್ಬರು. ದುಡ್ಡು ಕೊಟ್ಟ ಮೇಲೆ ಗಿರಾಕಿ ಚೀಲ ಬಿಚ್ಚೋಕೆ ಶುರು ಮಾಡಿದರೆ ಹಿಂದಿನವರು ಸುಮ್ಮನೆ ನಿಂತಿರ್ತಾರೆ. ಸ್ಕ್ಯಾನ್ ಆಗ್ತಾ ಆಗ್ತಾನೇ ಚೀಲ ತುಂಬಬೇಕು: ಕೆಳಗೆ ಎಣ್ಣೆ, ಬೆಲ್ಲ, ಸಕ್ಕರೆ, ಸೋಪು, ಫಿನೈಲ್ ಬೇರೆ ಚೀಲಕ್ಕೆ, ಬ್ರೆಡ್ಡು, ಮೊಟ್ಟೆ ಕೈಗೆ.

26 ಕೇಜಿ ಅಕ್ಕಿ ಚೀಲ ಕೌಂಟರ್ ಮೇಲೆ ಎತ್ತಿಸಬೇಡಿ. ಗಂಗಾವತಿ, ಸಿಂಧನೂರಿನ ಸೋನಾ ಮಸೂರಿ ಚೀಲಗಳ ಬಾರ್‌ಕೋಡ್‌ಗಳನ್ನೆಲ್ಲ ಒಂದು ಹಾಳೆಯಲ್ಲಿ ಪ್ರಿಂಟ್ ಮಾಡಿ ಲ್ಯಾಮಿನೇಷನ್ ಮಾಡಿ ಕೌಂಟರಿಗೆ ಅಂಟಿಸಿ, ಪಕ್ಕದಲ್ಲಿ ಬ್ರ್ಯಾಂಡಿನ ಹೆಸರು ದಪ್ಪ ಅಕ್ಷರದಲ್ಲಿ. ಚೀಲ ತಳ್ಳುಗಾಡಿಯಲ್ಲೇ ಇರಲಿ.

ಹನ್ನೆರಡು ಸೋಪು ಬಂದರೆ ಒಂದನ್ನ ಸ್ಕ್ಯಾನ್ ಮಾಡಿ ಹನ್ನೆರಡು ಅಂತ ಹೊಡೆಯೋದು ವೇಗ, ನಿಜ. ಆದರೆ ಅದೇ ಬ್ರ್ಯಾಂಡಿನ ಗುಲಾಬಿ, ನಿಂಬೆ, ಗಂಧ ಒಂದೊಂದಕ್ಕೂ ಬೇರೆ ಕೋಡ್. ಬೆಲೆ ಒಂದೇ ಇರೋದರಿಂದ ಗಿರಾಕಿಗೆ ನಷ್ಟ ಇಲ್ಲ, ನಿಮ್ಮ ಸ್ಟಾಕ್ ಮಾತ್ರ ತಿಂಗಳ ಕೊನೆಗೆ ಹಾಳು. ಒಂದೇ ಬಗೆ ಅಂತ ಕಣ್ಣಾರೆ ನೋಡಿದ ಮೇಲೇ ಎಣಿಕೆ ಹೊಡೆಯಬೇಕು.

"ಉಪ್ಪು ಮರೆತೆ, ತರ್ತೀನಿ" ಅಂತ ಒಳಗೆ ಹೋದವರಿಗೆ ಕಾಯಬೇಡಿ. ಬಿಲ್ ಹೋಲ್ಡ್ ಮಾಡೋ, ಅಂದರೆ ಅರ್ಧ ಬಿಲ್ ಪಕ್ಕಕ್ಕಿಟ್ಟು ಮುಂದಿನವರದು ಶುರು ಮಾಡೋ ಕೀ ಬಹುತೇಕ ಸಾಫ್ಟ್‌ವೇರಿನಲ್ಲಿ ಇರುತ್ತೆ. ಹೊಸ ಕ್ಯಾಷಿಯರ್‌ಗೆ ಮೊದಲ ದಿನ ಕಲಿಸಬೇಕಾದ್ದು ಇದನ್ನೇ. ಬಿಲ್ ರದ್ದು ಮಾಡೋದು, ಸಾಮಾನು ಬಿಲ್ಲಿನಿಂದ ತೆಗೆಯೋದು ಮಾತ್ರ ಮಾಲೀಕರ ಪಾಸ್‌ವರ್ಡಿನಿಂದ ಆಗಲಿ. ಪಾಸ್‌ವರ್ಡನ್ನ ಕೀಬೋರ್ಡಿಗೆ ಚೀಟಿ ಬರೆದು ಅಂಟಿಸೋ ಮಾಲೀಕರೂ ಇದ್ದಾರೆ, ಅವರಿಗೆ ಏನು ಹೇಳಬೇಕೋ.

ನಗದು: ಬೆಳಿಗ್ಗೆ ಗಲ್ಲಾದಲ್ಲಿ ಎರಡು ಸಾವಿರದಷ್ಟು ಚಿಲ್ಲರೆ ಇರಲಿ, ಹತ್ತು, ಇಪ್ಪತ್ತರ ನೋಟು, ಒಂದು, ಎರಡು, ಐದರ ನಾಣ್ಯ. ಗಿರಾಕಿ ಕೊಟ್ಟ ಐನೂರರ ನೋಟನ್ನ ತಕ್ಷಣ ಗಲ್ಲಾದೊಳಗೆ ಹಾಕಬಾರದು. "ಐನೂರು ಕೊಟ್ಟೀರಿ" ಅಂತ ಬಾಯಿಬಿಟ್ಟು ಹೇಳಿ, ಮೇಲೆ ಕ್ಲಿಪ್ಪಿಗೆ ಸಿಗಿಸಿ, ಚಿಲ್ಲರೆ ಎಣಿಸಿ ಕೊಟ್ಟ ಮೇಲೆ ಒಳಗೆ ಹಾಕಬೇಕು. ಇನ್ನೂರು ಕೊಟ್ಟೆನೋ ಐನೂರೋ ಅನ್ನೋ ಜಗಳ ಅಲ್ಲಿಗೆ ಮುಗೀತು. ಹತ್ತು ರೂಪಾಯಿ ನಾಣ್ಯ ನಮ್ಮ ಕಡೆ ಕೆಲವರು ಇನ್ನೂ ಬೇಡ ಅಂತಾರೆ. ಆರ್‌ಬಿಐ 2018ರಲ್ಲೇ ಹದಿನಾಲ್ಕೂ ವಿನ್ಯಾಸ ಚಲಾವಣೆಯಲ್ಲಿವೆ ಅಂತ ಹೇಳಿದೆ, ಅದರ ಚೀಟಿ ಕೌಂಟರಿಗೆ ಹಚ್ಚಿ. ಚಿಲ್ಲರೆ ಬದಲು ಚಾಕಲೇಟು ಕೊಡೋ ಚಾಳಿ ಬಿಡಿ. ಡ್ಯೂಟಿ ಬದಲಾಗುವಾಗ ಕ್ಯಾಷಿಯರ್ ಮೊದಲು ದುಡ್ಡು ಎಣಿಸಿ ಬರೆದುಕೊಡಬೇಕು, ಆಮೇಲೆ ಕಂಪ್ಯೂಟರಿನ ಮೊತ್ತ ತೆಗೆಯಬೇಕು. ಮೊತ್ತ ಮೊದಲೇ ಕಂಡರೆ ಎಣಿಕೆ ಅದಕ್ಕೆ ಸರಿಯಾಗೇ ಬರುತ್ತೆ!

ಯುಪಿಐ: ಗಿರಾಕಿ ತೋರಿಸೋ ಮೊಬೈಲ್ ಪರದೆ ನಂಬಬೇಡಿ, ಸುಳ್ಳು ಪರದೆ ತೋರಿಸೋ ಆ್ಯಪ್‌ಗಳಿವೆ. ನಿಮ್ಮ ಸೌಂಡ್‌ಬಾಕ್ಸ್ ಮಾತಾಡಬೇಕು ಅಥವಾ ನಿಮ್ಮ ಆ್ಯಪಿನಲ್ಲಿ ಬರಬೇಕು. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ನಿಮ್ಮ ಕ್ಯೂಆರ್‌ಗೆ ನೀವೇ ಒಂದು ರೂಪಾಯಿ ಹಾಕಿ ನೋಡಿ, ರಾತ್ರಿ ಯಾರಾದರೂ ಮೇಲೆ ಬೇರೆ ಸ್ಟಿಕ್ಕರ್ ಅಂಟಿಸಿದ್ದರೆ ಗೊತ್ತಾಗುತ್ತೆ. ಆದಷ್ಟು ಬೇಗ ಬಿಲ್ಲಿನ ಮೊತ್ತ ತಾನೇ ಕೂತಿರೋ ಡೈನಾಮಿಕ್ ಕ್ಯೂಆರ್‌ಗೆ ಹೋಗಿ. 1,284 ಬದಲು 1,248 ಒತ್ತೋ ತಾಪತ್ರಯ ಇರಲ್ಲ. ದುಡ್ಡು ಕಡಿತವಾಗಿ ನಿಮಗೆ ಬರದಿದ್ದರೆ ಗಿರಾಕಿ ಜೊತೆ ವಾದ ಬೇಡ. ಆ ವ್ಯವಹಾರ ಗುರುತಿಸೋ 12 ಅಂಕಿಯ ಯುಟಿಆರ್ ನಂಬರನ್ನ ಬಿಲ್ಲಿನ ಮೇಲೆ ಬರೆದುಕೊಂಡು, ನಗದು ತಗೊಂಡು ಕಳಿಸಿ. ಅಂಗಡಿಗೆ ತಲುಪದ ಹಣ ವ್ಯವಹಾರದ ದಿನ ಬಿಟ್ಟು ಐದು ದಿನದೊಳಗೆ ತಾನೇ ವಾಪಸ್ ಆಗಬೇಕು ಅಂತ ಆರ್‌ಬಿಐ ನಿಯಮ ಇದೆ, ಅದನ್ನ ಸಮಾಧಾನವಾಗಿ ಹೇಳೋಕೆ ಕ್ಯಾಷಿಯರ್‌ಗೆ ಬರಬೇಕು. ಕನ್ನಡ, ತೆಲುಗು, ಉರ್ದು ಮೂರರಲ್ಲೂ ಹೇಳೋಕೆ ಬಂದರೆ ಇನ್ನೂ ಒಳ್ಳೇದು.

ಇನ್ನೊಂದು. ಮೂರು ತಾಸು ಒಂದೇ ಸಮನೆ ಬಂಡೆಗಲ್ಲಿನ ಮೇಲೆ ನಿಲ್ಲಿಸಿದರೆ ಎಂಟೂವರೆಗೆ ತಪ್ಪುಗಳು ಶುರು. ಕಾಲಡಿ ದಪ್ಪ ರಬ್ಬರ್ ಮ್ಯಾಟ್, ಹಿಂದೆ ಒಂದು ಎತ್ತರದ ಸ್ಟೂಲು ಹಾಕಿ. ನಿಂತೇ ಬಿಲ್ ಮಾಡಬೇಕು ಅನ್ನೋದು ಅಂಗಡಿಯವರ ಹಟ ಅಷ್ಟೇ. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕೆಲಸದವರಿಗೆ ಕೂರೋಕೆ ವ್ಯವಸ್ಥೆ ಮಾಡಲೇಬೇಕು ಅಂತ ಕಾಯ್ದೆಗೆ ಸೇರಿಸಿವೆ.

---

ಲೆಕ್ಕಪತ್ರ_ಹೊಸಪೇಟೆ:

ಮೊದಲೇ ಪ್ಯಾಕ್ ಮಾಡಿಡೋ ಬಗ್ಗೆ ಕೇಳಿದಿರಿ, ಅದಕ್ಕಷ್ಟೇ ಉತ್ತರ. ಬೇಳೆಯನ್ನು ಗಿರಾಕಿಯ ಎದುರಿಗೆ ತೂಗಿ ಕೊಟ್ಟರೆ ಅದು ಬಿಡಿ ಮಾರಾಟ, ಜಿಎಸ್‌ಟಿ ಇಲ್ಲ. ಅದೇ ಬೇಳೆಯನ್ನು ಮಧ್ಯಾಹ್ನ ಕೂತು ಒಂದೊಂದು ಕೇಜಿ ಪ್ಯಾಕ್ ಮಾಡಿ ರ‍್ಯಾಕಿಗಿಟ್ಟರೆ ಅದು ಮೊದಲೇ ಪ್ಯಾಕ್ ಆದ, ಲೇಬಲ್ ಇರಬೇಕಾದ ಸರಕು. 18 ಜುಲೈ 2022ರಿಂದ 25 ಕೇಜಿ ವರೆಗಿನ ಅಂಥ ಪ್ಯಾಕಿನ ಅಕ್ಕಿ, ಬೇಳೆ, ಹಿಟ್ಟಿಗೆ ಶೇ 5 ತೆರಿಗೆ. ಅಕ್ಕಿ ಗಿರಣಿಗಳು 26 ಕೇಜಿ ಚೀಲ ತಂದದ್ದು ಇದೇ ಕಾರಣಕ್ಕೆ.

ತೆರಿಗೆಗಿಂತ ದೊಡ್ಡ ತಲೆನೋವು ಕಾನೂನು ಮಾಪನಶಾಸ್ತ್ರ ಇಲಾಖೆಯದ್ದು. 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮದ ಪ್ರಕಾರ ನೀವು ಪ್ಯಾಕರ್ ಆಗ್ತೀರಿ. ನೋಂದಣಿ ಮಾಡಿಸಬೇಕು. ಲೇಬಲ್ ಮೇಲೆ ಪ್ಯಾಕರ್ ಹೆಸರು, ವಿಳಾಸ, ಸಾಮಾನಿನ ಹೆಸರು, ನಿವ್ವಳ ತೂಕ, ತಿಂಗಳು, ವರ್ಷ, ಎಲ್ಲಾ ತೆರಿಗೆ ಸೇರಿದ ಎಂಆರ್‌ಪಿ, ದೂರಿಗೆ ಫೋನ್ ನಂಬರ್ ಇರಬೇಕು. ಆಹಾರ ಪದಾರ್ಥಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಂಬರೂ ಬೇಕು. ಬರೀ ಬಾರ್‌ಕೋಡ್ ಮತ್ತು ಬೆಲೆ ಇರೋ ಸ್ಟಿಕ್ಕರ್ ಸಾಲದು. ಹಾಗಾಗಿ ಬಳ್ಳಾರಿಯವರು ಹೇಳಿದ ಹಾಗೆ ಎದುರಿಗೇ ತೂಗಿ ಲೇಬಲ್ ಹಚ್ಚೋದು ನಿಮಗೆ ಹಗುರ. ಕಾಂಟಾಕ್ಕೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸಿ, ಪ್ರಮಾಣಪತ್ರ ಗಿರಾಕಿಗೆ ಕಾಣೋ ಹಾಗೆ ತೂಗುಹಾಕಿ.

ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಸಣ್ಣ ದರದ ತೆರಿಗೆ ಕಟ್ಟೋ ಕಾಂಪೊಸಿಷನ್ ಯೋಜನೆಯಲ್ಲಿದ್ದರೆ (ವಹಿವಾಟು ಒಂದೂವರೆ ಕೋಟಿ ವರೆಗೆ) ಬಿಲ್ಲಿನಲ್ಲಿ ಜಿಎಸ್‌ಟಿ ಅಂತ ಬೇರೆ ಸಾಲು ಬರಕೂಡದು, ಬಿಲ್ಲಿನ ತಲೆಬರಹ ಬಿಲ್ ಆಫ್ ಸಪ್ಲೈ ಆಗಬೇಕು. ಸಾಫ್ಟ್‌ವೇರ್ ಹಾಕುವವರು ಇದನ್ನು ಕೇಳದೆ ಟ್ಯಾಕ್ಸ್ ಇನ್‌ವಾಯ್ಸ್ ಮಾದರಿಯನ್ನೇ ಹಾಕಿಹೋಗ್ತಾರೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟದ್ದು ನೆನಪಿರಲಿ. ಮಾಲೀಕರ ಮನೆ ಖಾತೆಯ ಕ್ಯೂಆರ್ ಅಂಗಡಿಯಲ್ಲಿ ಇಡಬೇಡಿ.

---

ರ‍್ಯಾಕ್_ರಾಜ (ಬಳ್ಳಾರಿ):

ಎಲ್ಲರೂ ಹಳೇ ದಾರೀನೇ ಹೇಳ್ತಿದ್ದೀರಿ. ಗಿರಾಕಿ ಕೈಯಾಗ ಮೊಬೈಲ್ ಐತಿ, ಯುಪಿಐ ಐತಿ. ಸೆಲ್ಫ್ ಚೆಕ್‌ಔಟ್ ಒಂದು ಇಟ್ರ ಹುಡುಗರು ತಾವೇ ಬಿಲ್ ಮಾಡ್ಕೊಂಡು ಹೋಗ್ತಾರ. ಸಂಬಳ ಉಳೀತದ.

---

ಸ್ಕ್ಯಾನರ್_ಸರ್ವಿಸ್ (ಬಳ್ಳಾರಿ):

ರಾಜಣ್ಣ, ಉಳಿಯಂಗಿಲ್ಲ. ಕ್ಯಾಷಿಯರ್ ಬೆಲೆ ನೋಡಿ ಒತ್ತೋ ಕಾಲ 26 ಜೂನ್ 1974ಕ್ಕ ಮುಗಿಯೋಕೆ ಶುರುವಾತು. ಅವತ್ತು ಅಮೆರಿಕದ ಒಹಾಯೋದ ಟ್ರಾಯ್ ಊರಿನ ಮಾರ್ಷ್ ಅಂಗಡಿಯಾಗ ಒಂದು ಚೂಯಿಂಗ್ ಗಮ್ ಪ್ಯಾಕೆಟ್ ಮೊದಲ ಸಲ ಬಾರ್‌ಕೋಡ್ ಮೇಲೆ ಬಿಲ್ ಆತು. ಅಲ್ಲಿಂದ ಕ್ಯಾಷಿಯರ್ ಕೆಲಸ ಲೆಕ್ಕ ಕೂಡಿಸೋದಲ್ಲ, ನೋಡೋದು: ಎಂಆರ್‌ಪಿ ಸರಿ ಐತೋ, ಸೀಲು ಒಡದದೋ, ಬುಟ್ಟಿ ತಳದಾಗ ಏನಾರ ಉಳದದೋ. ಗಿರಾಕಿಗೆ ಸ್ಕ್ಯಾನರ್ ಕೊಟ್ರ ಸ್ಕ್ಯಾನ್ ಮಾಡೋ ಕೆಲಸ ಅವರ ಕೈಗೆ ಹೋಗ್ತದ, ನೋಡೋ ಕೆಲಸ ನಿನ್ನ ಕಡೇನೇ ಉಳೀತದ.

ಸ್ವಂತ ಬಿಲ್ಲಿನ ಯಂತ್ರ ಕಳ್ಳತನ ಹಿಡಿಯೋದು ತೂಕದ ಮೇಲೆ. ಸ್ಕ್ಯಾನ್ ಆದ ಸಾಮಾನಿನ ತೂಕ, ಚೀಲ ಇಡೋ ಕಟ್ಟೆ ಮೇಲೆ ಬಿದ್ದ ತೂಕ ಎರಡೂ ಹೊಂದಬೇಕು. ಅಂದ್ರ ಎರಡೂವರೆ ಸಾವಿರ ಸಾಮಾನಿನ ತೂಕ ಪ್ಯಾಕಿಂಗ್ ಸಮೇತ ಮಾಸ್ಟರಿಗೆ ಹಾಕಬೇಕು. ಕಂಪನಿ ಹಬ್ಬಕ್ಕ 20% ಹೆಚ್ಚುವರಿ ಪ್ಯಾಕ್ ಬಿಟ್ಟ ದಿನ ತೂಕ ತಪ್ಪಿ ಯಂತ್ರ ಕೆಂಪು ದೀಪ ಹಚ್ತದ, ಗಿರಾಕಿ ಕೈ ಎತ್ತಿ ನಿಲ್ತಾನ. ತೂಕ ನೋಡೋದನ್ನೇ ಬಂದ್ ಮಾಡಿದ್ರ ಬಾಗಿಲಾಗ ಬಿಲ್ ತಾಳೆ ನೋಡೋಕೆ ಒಬ್ಬ ಬೇಕು. ಒಂದು ಯಂತ್ರ ಇಟ್ಟ ಅಂಗಡಿಯಾಗ ಅಲ್ಲಿಗೆ ಸಂಬಳ ಲೆಕ್ಕ ಸಮ ಆತು. ಇಂಗ್ಲೆಂಡಿನ ಬೂತ್ಸ್ ಅನ್ನೋ ಅಂಗಡಿ ಸರಣಿ 2023ರಲ್ಲಿ ಬಹುಪಾಲು ಅಂಗಡಿಗಳಿಂದ ಇಂಥ ಯಂತ್ರ ತೆಗೀತೀವಿ ಅಂತು. ಏನೂ ಸ್ಕ್ಯಾನ್ ಮಾಡದೆ ಎತ್ತಿಕೊಂಡು ಹೋಗೋ ಅಮೆಜಾನಿನ ಕ್ಯಾಮೆರಾ ಪದ್ಧತಿಯನ್ನ ಅವರೇ 2024ರಲ್ಲಿ ತಮ್ಮ ದೊಡ್ಡ ಕಿರಾಣಿ ಅಂಗಡಿಗಳಿಂದ ಹಿಂದಕ್ಕ ತಗೊಂಡ್ರು.

ನಿನ್ನ ಮಾತಿನಾಗ ಒಂದು ಅರ್ಧ ಒಪ್ತೀನಿ. ಹಾಲು, ಬ್ರೆಡ್ಡು, ಒಂದು ಬಿಸ್ಕೀಟು ಅಂತ ಐದರೊಳಗಿನ ಸಾಮಾನಿನವರು ದೊಡ್ಡ ಬುಟ್ಟಿಯವರ ಹಿಂದೆ ನಿಲ್ಲಬಾರದು. ಅದಕ್ಕ ಕೈಯಾಗ ಹಿಡಿಯೋ ಆಂಡ್ರಾಯ್ಡ್ ಬಿಲ್ಲಿಂಗ್ ಯಂತ್ರ ಸಿಗ್ತದ, ಎರಡಿಂಚಿನ ಪ್ರಿಂಟರ್ ಅದರೊಳಗೇ ಇರ್ತದ. ಚೀಲ ತುಂಬೋ ಹುಡುಗನ ಕೈಗೇ ಕೊಡ್ರಿ, ಯುಪಿಐ ಮಾತ್ರ ತಗೊಳ್ಳಲಿ, ನಗದು ಬ್ಯಾಡ. ಗಲ್ಲಾ ಎರಡು ಆಗಂಗಿಲ್ಲ, ಲೆಕ್ಕ ಒಂದೇ ಕಡೆ ಉಳೀತದ.

---

ಕಿರಾಣಿಯಿಂದ_ಮಾರ್ಟ್ (ಕೊಪ್ಪಳ):

ಎಲ್ಲರಿಗೂ ಧನ್ಯವಾದ. ಲೇಬಲ್ ಕಾಂಟಾ, ಕೈ ಯಂತ್ರ ಎರಡಕ್ಕೂ ದರ ಕೇಳ್ತೀನಿ. ಒಂದು ಅನುಮಾನ: ಕೈ ಯಂತ್ರಕ್ಕೂ ಕೌಂಟರಿಗೂ ಅದೇ ಕ್ಯೂಆರ್, ಅದೇ ಸೌಂಡ್‌ಬಾಕ್ಸ್ ಸಾಕಲ್ವಾ? ಮುಂದೆ ಎರಡನೇ ಕೌಂಟರ್ ಹಾಕಲೇಬೇಕಾದರೆ ಪಾಳಿ ಎರಡು ಮಾಡಬೇಕಾ?

---

ಫ್ಲೋರ್_ಸೂಪರ್‌ವೈಸರ್ (ರಾಯಚೂರು):

ಸಾಕಾಗಲ್ಲ. "ಅರವತ್ತು ರೂಪಾಯಿ ಬಂದಿದೆ" ಅಂತ ಬಾಕ್ಸ್ ಕೂಗಿದರೆ ಅದು ಯಾವ ಕಡೆಯದು? ಎರಡು ಕಡೆಯೂ ಅರವತ್ತರ ಬಿಲ್ ಇದ್ದರೆ ಒಬ್ಬರು ಕೊಡದೇ ಹೋಗ್ತಾರೆ. ಒಂದೇ ಬ್ಯಾಂಕ್ ಖಾತೆಗೆ ಎರಡು ಬೇರೆ ಕ್ಯೂಆರ್ ಮಾಡಿಸಿ. ಕೈ ಯಂತ್ರಕ್ಕೆ ಬಿಲ್ಲಿನ ಜೊತೆ ಹೊಂದೋ ಡೈನಾಮಿಕ್ ಕ್ಯೂಆರ್ ಇರಲಿ, ದುಡ್ಡು ಬಂದಾಗ ಬಿಲ್ ತಾನೇ ಮುಚ್ಚಿಕೊಳ್ಳುತ್ತೆ.

ಕೌಂಟರ್ ಎರಡಾದರೂ ಪಾಳಿ ಒಂದೇ ಮಾಡಿ, ಮುಂದೆ ನಿಂತವರು ಯಾವುದು ಖಾಲಿಯೋ ಅಲ್ಲಿಗೆ ಹೋಗಲಿ. ಎರಡು ಪಾಳಿ ಮಾಡಿದರೆ ಒಂದು ಕಡೆ ಜಾತ್ರೆ ಸಂತೆಯ ಬುಟ್ಟಿ ಬಂದು ನಿಂತಾಗ ಹಿಂದಿನವರು ಗೊಣಗ್ತಾರೆ, ಪಕ್ಕದ ಕೌಂಟರ್ ಖಾಲಿ ಕೂತಿರುತ್ತೆ. ನೆಲಕ್ಕೆ ಹಳದಿ ಟೇಪ್ ಹಚ್ಚಿ, ಪಾಳಿ ಬೇಳೆ ಡಬ್ಬಗಳ ದಾರಿಗೆ ಅಡ್ಡ ಬರದ ಹಾಗೆ ತಿರುಗಿಸಿ. ಇಲ್ಲದಿದ್ದರೆ ತೂಗೋ ಹುಡುಗನ ಹತ್ತಿರ ಹೋಗೋಕೆ ದಾರಿ ಇರಲ್ಲ. ಗವಿಮಠದ ಜಾತ್ರೆ ವಾರಕ್ಕೆ ಮುಂಚೆ ಇಷ್ಟು ಮುಗಿಸಿಕೊಳ್ಳಿ, ಆ ವಾರ ಏನನ್ನೂ ಹೊಸದಾಗಿ ಶುರು ಮಾಡಬೇಡಿ.